ಮೇಷ್ಟ್ರ ಕಾರಿಗೆ ಮೇಲುಕಿಟಕಿ

ಎಲ್ಲ ಶುರುವಾಗಿದ್ದು ಕ್ಷೌರದಂಗಡಿಯವನು ತಲೆ ಬಗ್ಗಿಸಿದ್ದರಿಂದ.

ಆಸ್ಪತ್ರೆಯ ನೆಲಮಾಳಿಗೆಗೆ ಇಳಿಯುವ ದಾರಿಯಲ್ಲಿ ಅಡ್ಡಲಾಗಿ ಒಂದು ಕಬ್ಬಿಣದ ಕಂಬಿ ಇತ್ತು. ಅದರ ಮೇಲೆ 'ಎತ್ತರ ನೋಡಿಕೊಳ್ಳಿ' ಎಂದು ಬರೆದಿತ್ತು. ಪಕ್ಕದಲ್ಲಿ ಕೂತಿದ್ದ ಡ್ರೈವಿಂಗ್ ಮೇಷ್ಟ್ರು "ಎತ್ತರ! ಎತ್ತರ!" ಎಂದು ಕೂಗಿದರು. ಸ್ಟೀರಿಂಗ್ ಹಿಡಿದಿದ್ದ ಕ್ಷೌರದಂಗಡಿಯವನು ಒಳ್ಳೆಯ ವಿದ್ಯಾರ್ಥಿ, ತಕ್ಷಣ ತಲೆ ಬಗ್ಗಿಸಿದ. ಕಾರು ಬಗ್ಗಲಿಲ್ಲ.

ಛಾವಣಿಯ ಮೇಲೆ ನಾಲ್ಕು ಬೋಲ್ಟು ಹಾಕಿ ಕೂರಿಸಿದ್ದ ಡ್ರೈವಿಂಗ್ ಶಾಲೆಯ ಬೋರ್ಡು ಕಂಬಿಗೆ ನೇತಾಡುತ್ತ ಅಲ್ಲೇ ಉಳಿಯಿತು. ಅದರ ಜೊತೆಗೆ ಛಾವಣಿಯ ತಗಡೂ ಒಂದಿಷ್ಟು ಸುಲಿದುಕೊಂಡು ಬಂದಿತ್ತು. ಕ್ಷೌರದಂಗಡಿಯವನು ತಲೆ ಎತ್ತಿ, ಮೇಲಿನ ತೂತಿನಿಂದ ಕಾಣುತ್ತಿದ್ದ ಟ್ಯೂಬ್‌ಲೈಟನ್ನು ನೋಡಿ, "ಮೇಷ್ಟ್ರೇ, ಗಾಳಿ ಚೆನ್ನಾಗಿ ಬರ್ತಿದೆ" ಅಂದ.

ಮೇಷ್ಟ್ರು ಬೆರಳು ಮಡಚಿ ಗಂಟೆ ಎಣಿಸಿದರು. ಮಾರನೆಯ ದಿನ ಸಂಜೆ ನಾಲ್ಕು ಗಂಟೆಗೆ ಡ್ರೈವಿಂಗ್ ಪರೀಕ್ಷೆ. ಹಿಂದಿನ ಮೂರು ಸಲವೂ ಅವರ ಶಾಲೆಯಿಂದ ಹೋದವರು ಒಬ್ಬರೂ ಪಾಸಾಗಿರಲಿಲ್ಲ. ಇನ್‌ಸ್ಪೆಕ್ಟರು ತಣ್ಣಗಿನ ದನಿಯಲ್ಲಿ, "ಇನ್ನೊಂದು ಸಲ ಹೀಗಾದ್ರೆ ನಿಮ್ಮ ಶಾಲೆಗೆ ಬೀಗ ಹಾಕಿಸ್ತೀನಿ" ಎಂದಿದ್ದರು. ಶಾಲೆ ಅಂದರೆ ಆ ಒಂದೇ ಕಾರು. ಬೀಗ ಎಲ್ಲಿಗೆ ಹಾಕುತ್ತಾರೆ ಎಂಬುದು ಮೇಷ್ಟ್ರಿಗೆ ತಿಳಿಯದಿದ್ದರೂ, ಹಾಕುತ್ತಾರೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಇಪ್ಪತ್ತು ವರ್ಷದಿಂದ ಅವರಿಗೆ ಗೊತ್ತಿದ್ದದ್ದು ಒಂದೇ ಕೆಲಸ: ಪಕ್ಕದ ಸೀಟಿನಲ್ಲಿ ಕೂತು ಹೆದರುವುದು.

ತಗಡಿನ ಕೆಲಸದವನು ಒಂದು ವಾರ ಬೇಕೆಂದ. ಮೇಷ್ಟ್ರ ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ದಾರಿ ತೋರಿಸಿದಳು. "ತೇಪೆ ಹಾಕೋಕಾಗದಿದ್ರೆ ಕಿಟಕಿ ಇಡಿ. ದಂತವೈದ್ಯರ ಮೀನಿನ ತೊಟ್ಟಿ ಮಾಡಿದ ಅಕ್ರಿಲಿಕ್‌ನವನು ಇದಾನಲ್ಲ, ಅವನ ಹತ್ರ ಹೋಗಿ."

ಮರುದಿನ ಏಳಕ್ಕೇ ಮೇಷ್ಟ್ರು ಅಕ್ರಿಲಿಕ್‌ನವನ ಅಂಗಡಿಯ ಮುಂದೆ ನಿಂತಿದ್ದರು. ಮಂಜು ಕವಿದು ಬೀದಿಯ ಆ ಬದಿ ಕಾಣುತ್ತಿರಲಿಲ್ಲ. ಅಂಗಡಿಯೊಳಗೆ ಕಾಗದ ಅಂಟಿಸಿದ ಹಾಳೆಗಳು ಗೋಡೆಗೆ ಒರಗಿ ನಿಂತಿದ್ದವು. ಯಾವ ಯಾವುದೋ ಬೋರ್ಡುಗಳಿಂದ ಉಳಿದ ಅಕ್ಷರಗಳು ಒಂದು ಬುಟ್ಟಿ ತುಂಬ ಇದ್ದವು. ನೆಲದ ಮೇಲೆ ಬಿಳಿ ಪುಡಿ ಹಿಟ್ಟಿನಂತೆ ಹರಡಿತ್ತು.

ಅಕ್ರಿಲಿಕ್‌ನವನು ಕಾರಿನ ಮೇಲೆ ಹತ್ತಿ ಅಳತೆ ತೆಗೆದ. "ಎರಡಡಿ ಉದ್ದ, ಒಂದೂವರೆ ಅಗಲ. ಆದ್ರೆ ಚಪ್ಪಟೆ ಹಾಳೆ ಹಾಕೋ ಹಾಗಿಲ್ಲ ಮೇಷ್ಟ್ರೇ, ನೀರು ನಿಲ್ಲುತ್ತೆ. ಬಿಸಿ ಮಾಡಿ ಉಬ್ಬಿಸಬೇಕು. ಎರಡು ದಿನ ಆಗುತ್ತೆ."

"ನನಗೆ ಎರಡು ದಿನ ಇಲ್ಲಪ್ಪ. ನಾಲ್ಕು ಗಂಟೆವರೆಗೆ ಇದೆ, ಅಷ್ಟೇ."

ಅವನು ತಲೆ ಕೆರೆದುಕೊಂಡ. ಒಳಗೆ ಹೋಗಿ, ಗೋಣಿಚೀಲದಲ್ಲಿ ಸುತ್ತಿದ್ದ ಒಂದು ತುಂಡನ್ನು ಎರಡೂ ಕೈಯಲ್ಲಿ ಹೊತ್ತು ತಂದ. ಮೇಲೆ ಹದವಾಗಿ ಉಬ್ಬಿತ್ತು. ಕಾರಿನ ತೂತಿನ ಮೇಲಿಟ್ಟರೆ ಅಳತೆ ಕೊಟ್ಟು ಮಾಡಿಸಿದಂತಿತ್ತು.

"ಇದು ಎಲ್ಲಿಂದ ಬಂತು?"

"ಒಳ್ಳೇ ಕಡೆಯಿಂದ ಬಂದಿದ್ದು. ಹೆಚ್ಚು ಓಡಾಡಿಲ್ಲ" ಎಂದು ಅವನು ಗರಗಸ ಚಾಲೂ ಮಾಡಿದ. ಮುಂದಿನ ಮಾತು ಆ ಸದ್ದಿನಲ್ಲಿ ಮುಳುಗಿತು.

ಕೆಲಸ ಮಾತ್ರ ಅಚ್ಚುಕಟ್ಟು. ತಗಡಿನ ಅಂಚನ್ನು ಉಜ್ಜಿ, ಸುತ್ತ ರಬ್ಬರ್ ಪಟ್ಟಿ ಕೂರಿಸಿ, ಬೋಲ್ಟಿಗಿಂತ ಕೊಂಚ ದೊಡ್ಡ ತೂತು ಕೊರೆದ. ಬಿಸಿಲಿಗೆ ಅಕ್ರಿಲಿಕ್ ಹಿಗ್ಗುತ್ತದೆ, ಜಾಗ ಬಿಡದಿದ್ದರೆ ಸೀಳುತ್ತದೆ ಎಂದು ವಿವರಿಸಿದ. ಕೊನೆಗೆ ಕಪ್ಪು ಅಂಟನ್ನು ಸುತ್ತಲೂ ಎಳೆದು, ಬೆರಳಿನಿಂದ ಸವರಿ, "ಇಪ್ಪತ್ನಾಲ್ಕು ಗಂಟೆ ಮುಟ್ಟಬೇಡಿ. ಕಿತ್ತರೆ ಛಾವಣಿ ಸಮೇತ ಬರುತ್ತೆ" ಅಂದ.

ಮೇಷ್ಟ್ರು ಸೀಟಿಗೆ ಒರಗಿ ಮೇಲೆ ನೋಡಿದರು. ಮಂಜಿನ ನಡುವೆ ಬೆಳ್ಳಗೆ ಆಕಾಶ. ನೆತ್ತಿಯ ಮೇಲೆ ಮಾತ್ರ ಯಾರೋ ಒದ್ದೆ ಕರವಸ್ತ್ರ ಇಟ್ಟ ಹಾಗೆ ತಣ್ಣಗಾಗುತ್ತಿತ್ತು. ಹೊಸ ಕಿಟಕಿ, ಹಾಗೇ ಇರಬಹುದು ಎಂದುಕೊಂಡರು.

ಹತ್ತು ಗಂಟೆಗೆ ಹೆಡ್‌ಮಿಸ್ಸಿನ ಪಾಠ. ಅರವತ್ತಮೂರು ವರ್ಷದ ಈ ನಿವೃತ್ತ ಮುಖ್ಯೋಪಾಧ್ಯಾಯಿನಿ ಕಾರಿನಲ್ಲಿ ವಿದ್ಯಾರ್ಥಿನಿ. ಆದರೆ ಆ ವಿಷಯವನ್ನು ಅವರು ಒಪ್ಪಿಕೊಂಡಿರಲಿಲ್ಲ. "ಮೇಷ್ಟ್ರೇ, ನೆಟ್ಟಗೆ ಕೂತ್ಕೊಳ್ಳಿ" ಎಂದು ಹೇಳಿಯೇ ಗಾಡಿ ತೆಗೆಯುತ್ತಿದ್ದರು. ಅಂದು ಚಳಿಯೆಂದು ಗಾಜುಗಳನ್ನೆಲ್ಲ ಏರಿಸಿಕೊಂಡು ಹೊರಟರು. ಎರಡು ತಿರುವು ದಾಟುವಷ್ಟರಲ್ಲಿ ಒಳಗೆಲ್ಲ ಉಸಿರಿನ ಹಬೆ ಕಟ್ಟಿತು.

"ಮೇಷ್ಟ್ರೇ" ಅಂದರು ಹೆಡ್‌ಮಿಸ್, ಕನ್ನಡಿ ನೋಡುತ್ತ. "ನಿಮ್ಮ ತಲೆ ಮೇಲೆ ಯಾರು?"

ಮೇಷ್ಟ್ರು ತಲೆ ಎತ್ತಿದರು.

ಕಿಟಕಿಯ ತುಂಬ ಹಬೆ. ಆ ಹಬೆಯಲ್ಲಿ, ಕೆಲವು ಕಡೆ ಮಾತ್ರ ಅದು ಕೂತಿರಲಿಲ್ಲ. ಕೂರದ ಜಾಗವೆಲ್ಲ ಸೇರಿ ಒಂದು ಮುಖವಾಗಿತ್ತು. ಅಗಲವಾದ ಹಣೆ, ಎಡಕ್ಕೆ ಕೊಂಚ ವಾಲಿದ ಮೂಗು, ಒತ್ತಿ ಹಿಡಿದ ತುಟಿ. ಮುಖದ ಎರಡೂ ಬದಿಗೆ ಅಗಲಿಸಿದ ಎರಡು ಅಂಗೈ. ಹತ್ತೂ ಬೆರಳು ಎಣಿಸುವ ಹಾಗೆ ಸ್ಪಷ್ಟ.

"ಯಾ...ಯಾರೋ ಅಂಗಡಿ ಮುಂದೆ ಗಾಜಿಗೆ ಮುಖ ಒತ್ತಿ ನೋಡಿರಬೇಕು" ಎಂದು ಮೇಷ್ಟ್ರು ತೊದಲಿದರು.

ಹೆಡ್‌ಮಿಸ್ ಗಾಡಿ ನಿಲ್ಲಿಸಿದರು. ಆವತ್ತಿನವರೆಗೆ ಅವರು ಅಷ್ಟು ಚೆನ್ನಾಗಿ ಬ್ರೇಕ್ ಹಾಕಿದ್ದಿಲ್ಲ. ಕನ್ನಡಕ ಏರಿಸಿ, ಪರೀಕ್ಷೆಯ ಉತ್ತರಪತ್ರಿಕೆ ನೋಡುವಂತೆ ಮೇಲೆ ನೋಡಿದರು. "ಹೊರಗಿಂದ ಅಲ್ಲ ಕಣ್ರೀ. ಗುರುತು ಒಳಗಡೆ ಇದೆ. ಇವನು ಒಳಗೆ ಇಣುಕ್ತಾ ಇಲ್ಲ. ಒಳಗಿಂದ ಹೊರಕ್ಕೆ ತಳ್ತಾ ಇದಾನೆ."

ಮೇಷ್ಟ್ರು ಬಟ್ಟೆ ತೆಗೆದು ಉಜ್ಜಿದರು. ಮುಖ ಹೋಯಿತು. ಸಮಾಧಾನದಿಂದ ಒಂದು ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರಿಗೇ ಮುಖ ಮತ್ತೆ ಮೂಡಿತು. ಮೊದಲು ಮೂಗು, ಆಮೇಲೆ ಹಣೆ, ಒಂದೊಂದಾಗಿ ಬೆರಳುಗಳು.

ಹೆಡ್‌ಮಿಸ್ ಕೆಳಗಿಳಿದು ಬಾಗಿಲು ಹಾಕಿದರು. "ನಲವತ್ತು ವರ್ಷ ಮಕ್ಕಳ ಹಿಂದೆ ನಿಂತು ನೋಡಿದೋಳು ನಾನು. ನನ್ನ ಮೇಲೆ ನಿಂತು ಇನ್ನೊಬ್ಬರು ನೋಡೋದು ನನಗೆ ಸರಿಬರಲ್ಲ" ಎಂದು ನಡೆದೇ ಹೊರಟರು.

ಮೇಷ್ಟ್ರು ಮನೆಗೆ ಬರುವ ಹೊತ್ತಿಗೆ ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು. ಕೆಳಮನೆಯಲ್ಲಿದ್ದವನಿಗೆ ಎಲ್ಲರೂ ರೇಡಿಯೋ ಅನ್ನುತ್ತಿದ್ದರು. ಅವನಿಗೆ ಕೆಲಸವಿತ್ತೋ ಇಲ್ಲವೋ, ಪುರುಸೊತ್ತು ಮಾತ್ರ ಇರುತ್ತಿರಲಿಲ್ಲ. ಅವನು ಕಾರಿನೊಳಗೆ ಸೀಟು ಚಾಚಿ ಮಲಗಿ, ಬಾಯಿ ತೆರೆದು 'ಹಾ... ಹಾ...' ಎಂದು ಮೇಲಕ್ಕೆ ಊದಿದ. ಮುಖ ಮೂಡಿದ್ದೇ ಕಾರಿನಿಂದ ತೆವಳುತ್ತ ಹೊರಬಿದ್ದ.

"ನನ್ನನ್ನೇ ನೋಡ್ತು!" ಅಂದ.

"ಅದರ ಕಣ್ಣು ಮುಚ್ಚಿದೆಯಲ್ಲೋ" ಎಂದರು ಮೇಷ್ಟ್ರು.

"ಕಣ್ಣು ಮುಚ್ಚಿಕೊಂಡೇ ನೋಡ್ತು. ಅದೇ ಹೆಚ್ಚು ಹೆದರಿಕೆ!"

ಹೆಂಡತಿ ಸೂಜಿ ಹಿಡಿದುಕೊಂಡೇ ಬಂದು ಇಣುಕಿದಳು. "ವಯಸ್ಸಾದೋರು, ಪಾಪ. ಏನೋ ಹೇಳಬೇಕು ಅಂತಿದಾರೆ ಅನ್ಸುತ್ತೆ" ಎಂದು ಮತ್ತೆ ಒಳಗೆ ಹೋದಳು. ಅವಳಿಗೆ ಹೆದರಿಕೆಯಾಗದ್ದೇ ಮೇಷ್ಟ್ರಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಹನ್ನೆರಡಕ್ಕೆ ಕ್ಷೌರದಂಗಡಿಯವನು ಬಂದ. ಅಷ್ಟರಲ್ಲಿ ಮಂಜು ಕರಗಿ ಬಿಸಿಲು ಚುರುಗುಟ್ಟುತ್ತಿತ್ತು. ಕಿಟಕಿ ನೀರಿನಷ್ಟು ತಿಳಿ. ಮೇಷ್ಟ್ರು ಮುಖದ ವಿಷಯ ಬಾಯಿ ಬಿಡಲಿಲ್ಲ. ಗಾಜುಗಳನ್ನೆಲ್ಲ ಇಳಿಸಿ, "ಇವತ್ತು ನೇರವಾಗಿ ಓಡಿಸೋದು ಅಭ್ಯಾಸ ಮಾಡೋಣ" ಅಂದರು. ಅವನ ಕಾರು ಯಾವಾಗಲೂ ಬಾಚಣಿಗೆ ಹಿಡಿದವನ ಕೈಯಂತೆ ಆ ಕಡೆ ಈ ಕಡೆ ಹೋಗುತ್ತಿತ್ತು.

ಇವತ್ತು ಹೋಗಲಿಲ್ಲ. ಹಗ್ಗ ಹಿಡಿದು ಎಳೆದಂತೆ ನೇರ. ಮೇಷ್ಟ್ರು ಸಂತೋಷದಿಂದ ಅವನತ್ತ ತಿರುಗಿದರು. ಅವನ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು.

"ಮೇಷ್ಟ್ರೇ, ನೀವು ನನ್ನ ಕೈ ಹಿಡ್ಕೊಂಡಿಲ್ಲ, ಅಲ್ವಾ?"

"ಇಲ್ಲವಲ್ಲ."

"ಹಾಗಾದ್ರೆ ಇದು ಯಾರದು?"

ನೆತ್ತಿಯ ಮೇಲಿನ ಸೂರ್ಯ ಕಿಟಕಿಯಿಂದ ಇಳಿದು ಸ್ಟೀರಿಂಗಿನ ಮೇಲೆ ಬಿದ್ದಿದ್ದ. ಆ ಬೆಳಕಿನಲ್ಲಿ ಎರಡು ಮಸುಕು ಅಂಗೈಗಳ ನೆರಳು, ಅಳತೆ ಮಾಡಿಟ್ಟಂತೆ, ಅವನ ಎರಡೂ ಕೈಗಳ ಮೇಲೆ ಕೂತಿತ್ತು. ಅವನು ಕೈ ಕದಲಿಸದಿರುವುದರಿಂದಲೇ ಕಾರು ನೇರ ಹೋಗುತ್ತಿತ್ತು.

ಆಗ ಮೇಲಿಂದ ಸದ್ದಾಯಿತು. ಟಕ್. ಸ್ವಲ್ಪ ಬಿಟ್ಟು, ಟಕ್ ಟಕ್.

"ಅದು ಬಿಸಿಲಿಗೆ ಹಿಗ್ಗೋ ಸದ್ದು..." ಮೇಷ್ಟ್ರ ಮಾತು ಮುಗಿಯುವ ಮೊದಲೇ ಕ್ಷೌರದಂಗಡಿಯವನು ಗಾಡಿಯನ್ನು ರಸ್ತೆಯ ನಟ್ಟನಡುವೆ ನಿಲ್ಲಿಸಿ, ಬಾಗಿಲು ತೆರೆದು, ಕಾಲಿಗೆ ಬುದ್ಧಿ ಹೇಳಿದ. ಓಡುವಾಗಲೂ ಎರಡು ಕೈಗಳನ್ನು ಮುಂದಕ್ಕೆ ಚಾಚಿಕೊಂಡೇ ಓಡಿದ.

ಹಿಂದೆ ಹತ್ತು ಗಾಡಿಗಳ ಹಾರ್ನು. ಮೇಷ್ಟ್ರು ಓಡಿಸುವವನ ಸೀಟಿಗೆ ಜರುಗಿ, ಮೇಲೆ ನೋಡದೆ, ಸೀದಾ ಅಕ್ರಿಲಿಕ್‌ನವನ ಅಂಗಡಿಗೆ ಹೋದರು.

"ನಿಜ ಹೇಳು. ಆ ತುಂಡು ಯಾವುದರದು?"

ಅಕ್ರಿಲಿಕ್‌ನವನು ಅಕ್ಷರದ ಬುಟ್ಟಿಯಲ್ಲಿ ಏನೋ ಹುಡುಕುವವನಂತೆ ಕೈಯಾಡಿಸಿದ. "ನೀವು ಕೇಳಿದ್ರಿ, ನಾನು ಹೇಳ್ದೆ. ಗರಗಸದ ಸದ್ದಿಗೆ ನಿಮಗೆ ಕೇಳಿಸಲಿಲ್ಲ."

"ಈಗ ಗರಗಸ ನಿಂತಿದೆ."

"ಶೀತಪೆಟ್ಟಿಗೆ ಮುಚ್ಚಳ ಮೇಷ್ಟ್ರೇ. ಹೋದೋರನ್ನ ದೂರದೋರು ಬರೋವರೆಗೆ ತಣ್ಣಗೆ ಇಡ್ತಾರಲ್ಲ, ಆ ಪೆಟ್ಟಿಗೆ. ಅದರ ಮೋಟಾರು ಕೆಟ್ಟಿತು ಅಂತ ಕಳೆದ ವಾರ ಮುಚ್ಚಳ ನನಗೆ ಕೊಟ್ರು. ಗಟ್ಟಿ ಮಾಲು!"

ಮೇಷ್ಟ್ರು ಅಲ್ಲಿದ್ದ ಮರದ ಪೆಟ್ಟಿಗೆಯ ಮೇಲೆ ಕುಸಿದು ಕೂತರು. ಆಮೇಲೆ ಅದೂ ಯಾವ ಪೆಟ್ಟಿಗೆಯೋ ಎಂದು ತಟ್ಟನೆ ಎದ್ದು ನಿಂತರು.

"ಕಿತ್ತು ಹಾಕು."

"ಅಂಟು ಹಸಿ ಇದೆ. ಈಗ ಕಿತ್ತರೆ ನಾಲ್ಕು ಗಂಟೆಗೆ ನೀವು ಪರೀಕ್ಷೆಗೆ ತೆರೆದ ಗಾಡೀಲಿ ಹೋಗ್ಬೇಕು."

ಶೀತಪೆಟ್ಟಿಗೆಯವನ ಅಂಗಡಿ ಎರಡು ಬೀದಿ ಆಚೆ ಇತ್ತು. ಬಾಗಿಲಿನಲ್ಲಿ ಗಂಟೆಯಿತ್ತು, ಒತ್ತಿದರೆ ಸದ್ದಾಗಲಿಲ್ಲ. ಒಳಗೆ ಉದ್ದನೆಯ ಮೂರು ಪೆಟ್ಟಿಗೆಗಳು ಗುಂಯ್ ಎನ್ನುತ್ತಿದ್ದವು. ಮೇಷ್ಟ್ರು "ಯಾರಾದ್ರೂ ಇದ್ದೀರಾ?" ಎಂದು ಕೇಳಿದರು. ಕೇಳಿದ ಮೇಲೆ, ಇಂಥ ಜಾಗದಲ್ಲಿ ಹಾಗೆ ಕೇಳಬಾರದಿತ್ತು ಅನ್ನಿಸಿತು.

ನಡುವಿನ ಪೆಟ್ಟಿಗೆಯ ಮುಚ್ಚಳ ಮೆಲ್ಲಗೆ ಮೇಲೆದ್ದಿತು. ಒಳಗಿನಿಂದ ಒಬ್ಬ ದಪ್ಪ ಮನುಷ್ಯ ಆಕಳಿಸುತ್ತ ಎದ್ದು ಕೂತ.

ಮೇಷ್ಟ್ರು ಕೂಗಿದ ಕೂಗಿಗೆ ಆ ಮನುಷ್ಯನೇ ಹೆದರಿ ಮತ್ತೆ ಮಲಗಿಬಿಟ್ಟ. ಆಮೇಲೆ ಎದ್ದು, ಹೆಗಲಿಗೆ ಹೊದಿಕೆ ಸುತ್ತಿಕೊಂಡು ಈಚೆ ಬಂದ. "ಕ್ಷಮಿಸಿ. ಮಧ್ಯಾಹ್ನ ಸೆಕೆ ತಡೆಯೋಕಾಗಲ್ಲ. ಖಾಲಿ ಇದ್ದಾಗ ಒಂದು ಗಳಿಗೆ ಮಲಗ್ತೀನಿ."

ಮೇಷ್ಟ್ರಿಗೆ ಬುದ್ಧಿ ಬೆಳಗಿತು. "ಆ ಕೆಟ್ಟುಹೋದ ಹಳೇ ಪೆಟ್ಟಿಗೆಯಲ್ಲೂ ಮಲಗ್ತಿದ್ರಾ?"

"ಎಲ್ಲದರಲ್ಲೂ ಮಲಗಿದೀನಿ. ನಾನೇ ಮಲಗದ ಪೆಟ್ಟಿಗೇನ ಗಿರಾಕಿಗೆ ಹೇಗೆ ಕೊಡಲಿ?"

"ಏಳುವಾಗ ಮುಚ್ಚಳ ಕೈಯಲ್ಲಿ ತಳ್ತೀರಿ?"

"ಮತ್ತೆ ಹೇಗೆ ಏಳೋದು? ಒಂದೊಂದು ಸಲ ನಿದ್ದೆಗಣ್ಣಲ್ಲಿ ಮೂಗೂ ಬಡಿಯುತ್ತೆ."

ಮೇಷ್ಟ್ರು ಅವನನ್ನು ತಬ್ಬಿಕೊಳ್ಳುವುದೊಂದು ಬಾಕಿ. ಬೆಳಿಗ್ಗೆಯಿಂದ ಎದೆಯ ಮೇಲೆ ಕೂತಿದ್ದ ಬಂಡೆ ಜಾರಿ ಬಿತ್ತು. ದೆವ್ವವೂ ಇಲ್ಲ, ಗಾಳಿಯೂ ಇಲ್ಲ, ನಿದ್ದೆಬಡುಕನ ಮೂಗು! ಹೆಡ್‌ಮಿಸ್ಸಿನ ಮನೆಗೆ ಹೋಗಿ ನಡೆದದ್ದನ್ನೆಲ್ಲ ನಕ್ಕು ನಕ್ಕು ಹೇಳಿದರು. ಹೆಡ್‌ಮಿಸ್ ನಗಲಿಲ್ಲ. ಆದರೆ ನಿದ್ದೆ ಮಾಡುವವರ ಬಗ್ಗೆ ಅವರಿಗೆ ತರಗತಿಯ ಅನುಭವವಿತ್ತು, ಬರಲು ಒಪ್ಪಿದರು. ಕ್ಷೌರದಂಗಡಿಯವನು ತನ್ನ ಅಂಗಡಿಯ ಕುರ್ಚಿಯಲ್ಲೇ ಕೂತು ನಡುಗುತ್ತಿದ್ದ. "ಹೆಡ್‌ಮಿಸ್ ಮೊದಲು ಓಡಿಸಿದ್ರೆ ಮಾತ್ರ ನಾನು" ಎಂದು ಹಿಂದಿನ ಸೀಟು ಹತ್ತಿದ.

ನಾಲ್ಕಕ್ಕೆ ಸರಿಯಾಗಿ ಪರೀಕ್ಷೆಯ ಮೈದಾನ. ಇನ್‌ಸ್ಪೆಕ್ಟರು ಇಸ್ತ್ರಿ ಮಾಡಿದ ಅಂಗಿಯಂತೆ ನೆಟ್ಟಗೆ ನಿಂತಿದ್ದರು. ಕಾರಿನ ಸುತ್ತ ಒಂದು ಸುತ್ತು ಬಂದು, "ಬೋರ್ಡೆಲ್ಲಿ?" ಅಂದರು.

"ಬೋರ್ಡಿನ ಜಾಗದಲ್ಲಿ ಕಿಟಕಿ ಇಟ್ಟಿದೀವಿ ಸಾರ್. ಬೆಳಕಿಗೆ."

ಅವರು ಏನೋ ಬರೆದುಕೊಂಡು ಮುಂದಿನ ಸೀಟಿನಲ್ಲಿ ಕೂತರು. ಹೆಡ್‌ಮಿಸ್ ಸ್ಟೀರಿಂಗ್ ಹಿಡಿದರು. ಮೇಷ್ಟ್ರೂ ಕ್ಷೌರದಂಗಡಿಯವನೂ ಹಿಂದೆ. ಹೊರಡುತ್ತಿದ್ದಂತೆ ಎಲ್ಲಿತ್ತೋ ಒಂದು ಮೋಡ, ಪಟಪಟನೆ ಮಳೆ ಸುರಿಯಿತು. ಗಾಜು ಏರಿಸಲೇಬೇಕಾಯಿತು. ಒಳಗೆ ನಾಲ್ಕು ಜನರ ಉಸಿರು.

ಮೇಷ್ಟ್ರು ಈಗ ಹೆದರಲಿಲ್ಲ. ಹೆಡ್‌ಮಿಸ್ ಅದ್ಭುತವಾಗಿ ಓಡಿಸುತ್ತಿದ್ದರು. ತಿರುವಿನಲ್ಲಿ ಸಿಗ್ನಲ್ ಕೊಟ್ಟರು, ಗೆರೆಯ ಮೇಲೆ ಚಕ್ರ ಏರಲಿಲ್ಲ, ಹಿಮ್ಮುಖವಾಗಿ ಹೋಗುವಾಗ ಕಂಬಗಳಿಗೆ ಗೌರವ ಕೊಟ್ಟರು. ಇಪ್ಪತ್ತು ವರ್ಷದಲ್ಲಿ ಇಂಥ ಓಟ ಮೇಷ್ಟ್ರು ಕಂಡಿರಲಿಲ್ಲ. ಇನ್‌ಸ್ಪೆಕ್ಟರ ಪೆನ್ನು 'ಉತ್ತೀರ್ಣ' ಎಂಬ ಪದದ ಮೊದಲ ಅಕ್ಷರ ಬರೆಯುವುದನ್ನು ಅವರು ಹಿಂದಿನಿಂದ ಕಣ್ಣಾರೆ ನೋಡಿದರು.

ಟಕ್.

ಇನ್‌ಸ್ಪೆಕ್ಟರು ತಲೆ ಎತ್ತಿದರು. ಪೆನ್ನು ಕೈಯಿಂದ ಜಾರಿತು.

"ಅಪ್ಪಾ" ಎಂದರು.

ಕಾರಿನಲ್ಲಿ ಯಾರೂ ಉಸಿರಾಡಲಿಲ್ಲ. ಆದರೂ ಮೇಲಿನ ಹಬೆ ಇನ್ನಷ್ಟು ದಟ್ಟವಾಗಿ, ಮುಖ ಇನ್ನಷ್ಟು ಸ್ಪಷ್ಟವಾಯಿತು. ಹೆಡ್‌ಮಿಸ್ ಗಾಡಿ ಬದಿಗೆ ನಿಲ್ಲಿಸಿದರು.

ಮೇಷ್ಟ್ರು ಮುಂದಕ್ಕೆ ಬಾಗಿ, "ಸಾರ್, ಗಾಬರಿಯಾಗಬೇಡಿ. ಅದು ಶೀತಪೆಟ್ಟಿಗೆಯ ಮುಚ್ಚಳ. ಅಂಗಡಿಯವನು ಮಧ್ಯಾಹ್ನ ಅದರಲ್ಲಿ ಮಲಗ್ತಿದ್ದ. ಅವನ ಮುಖ, ಅವನ ಕೈ. ನಾನೇ ಈಗ ವಿಚಾರಿಸಿ ಬಂದೆ" ಅಂದರು.

ಇನ್‌ಸ್ಪೆಕ್ಟರು ಮೇಲಿಂದ ಕಣ್ಣು ಕೀಳಲಿಲ್ಲ. "ಎಷ್ಟು ಬೆರಳಿದೆ ನೋಡಿ."

"ಹತ್ತು ಸಾರ್."

"ಶೀತಪೆಟ್ಟಿಗೆಯವನಿಗೆ ಒಂಬತ್ತೇ ಬೆರಳು. ಎಡಗೈಯ ಕಿರುಬೆರಳು ಹೋಗಿ ಹತ್ತು ವರ್ಷ ಆಯ್ತು. ಲೈಸೆನ್ಸ್ ಕೊಡುವಾಗ ಗುರುತಿನ ಕಾಲಂನಲ್ಲಿ ನಾನೇ ಬರೆದದ್ದು."

ಮೇಷ್ಟ್ರಿಗೆ ಹೊದಿಕೆಯೊಳಗೆ ಅವಿತಿದ್ದ ಆ ದಪ್ಪ ಮನುಷ್ಯನ ಕೈ ನೆನಪಾಗಲೇ ಇಲ್ಲ. ನೋಡಿಯೇ ಇರಲಿಲ್ಲ. ಕ್ಷೌರದಂಗಡಿಯವನು ಸದ್ದಿಲ್ಲದೆ ಮೇಷ್ಟ್ರ ತೊಡೆಯ ಮೇಲೆ ಏರಿ ಕೂತ.

"ಹೋದ ತಿಂಗಳು ಅಪ್ಪ ತೀರಿಕೊಂಡ್ರು" ಎಂದರು ಇನ್‌ಸ್ಪೆಕ್ಟರು. ದನಿಯಲ್ಲಿದ್ದ ಇಸ್ತ್ರಿ ಪೂರ್ತಿ ಮುದುಡಿತ್ತು. "ಅಕ್ಕ ದೂರದಿಂದ ಬರಬೇಕಿತ್ತು. ಎರಡು ದಿನ ಅವನದೇ ಪೆಟ್ಟಿಗೆಯಲ್ಲಿ ಇಟ್ಟಿದ್ವಿ. ಅಪ್ಪನೂ ಇದೇ ಕಚೇರೀಲಿ ಇನ್‌ಸ್ಪೆಕ್ಟರಾಗಿದ್ರು. ನನ್ನ ಲೈಸೆನ್ಸಿಗೆ ಸಹಿ ಹಾಕಿದ್ದೂ ಅವರೇ. ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ, ಊಟದ ಮೇಜಿನ ಮೇಲೆ. ಮಗ ಅಂತ. ಅದೊಂದೇ ತಪ್ಪು ಮಾಡಿದ್ದು ಅವರು. ಕೊನೇ ದಿನ ನನ್ನ ಕೈ ಹಿಡಿದು, 'ಇನ್ನಾದ್ರೂ ಕಲಿಯೋ. ಅಲ್ಲೀವರೆಗೆ ಬೇರೆಯವರಿಗೆ ಸಹಿ ಹಾಕೋದು ನಿಲ್ಲಿಸು' ಅಂದ್ರು. ನಾನು ಕೇಳಲಿಲ್ಲ."

ಅವರು ಬೆರಳಿನಿಂದ ಮೇಲಕ್ಕೆ ತೋರಿಸಿದರು. "ಎರಡೂ ಅಂಗೈ ತೋರಿಸ್ತಿದಾರೆ ನೋಡಿ. ನಿಲ್ಲಿಸು ಅಂತಿದಾರೆ."

"ಸಾರ್, ನನ್ನ ಫಲಿತಾಂಶ?" ಎಂದರು ಹೆಡ್‌ಮಿಸ್. ಯಾವ ಲೋಕದವರು ಬಂದರೂ ಅವರಿಗೆ ಫಲಿತಾಂಶ ಮುಖ್ಯ.

ಇನ್‌ಸ್ಪೆಕ್ಟರು ಪುಸ್ತಕದಲ್ಲಿದ್ದ ಆ ಒಂದು 'ಉ'ವನ್ನು ಗೀಚಿ ಅಳಿಸಿದರು. "ನೀವು ನನ್ನ ಕಣ್ಣಿಗೆ ಬಿದ್ದವರಲ್ಲೇ ಚೆನ್ನಾಗಿ ಓಡಿಸಿದ್ರಿ ತಾಯಿ. ಅಥವಾ ಹಾಗೆ ನನಗೆ ಅನ್ನಿಸ್ತು. ಓಡಿಸೋಕೇ ಬರದ ನಾನು ಅದನ್ನ ಹೇಳೋಕೆ ಯಾರು? ನಾನು ಕಲಿತು ಪಾಸಾಗೋವರೆಗೆ ಈ ಊರಲ್ಲಿ ಯಾರಿಗೂ ಲೈಸೆನ್ಸ್ ಇಲ್ಲ."

ಆಮೇಲೆ ಹಿಂದಕ್ಕೆ ತಿರುಗಿ, ಮೊದಲ ಬಾರಿಗೆ ಮೇಷ್ಟ್ರ ಮುಂದೆ ಕೈಮುಗಿದರು. "ನೀವೇ ಕಲಿಸಬೇಕು. ಇದೇ ಕಾರಲ್ಲಿ. ಈ ಕಿಟಕೀನ ಯಾರೂ ಮುಟ್ಟಬಾರದು ಅಂತ ಇವತ್ತೇ ಕಚೇರಿ ಆದೇಶ ಹೊರಡಿಸ್ತೀನಿ."

ಬೆಳಗಾಗುವಷ್ಟರಲ್ಲಿ ರೇಡಿಯೋ ಊರಿಗೆಲ್ಲ ಸುದ್ದಿ ಬಿತ್ತರಿಸಿದ್ದ. ಲೈಸೆನ್ಸಿಗಾಗಿ ಕಾಯುತ್ತಿದ್ದವರೆಲ್ಲ ಮೇಷ್ಟ್ರ ಮನೆ ಮುಂದೆ ಜಮಾಯಿಸಿದ್ದರು. ಇನ್‌ಸ್ಪೆಕ್ಟರಿಗೆ ಬೇಗ ಕಲಿಸಿದರೆ ಎಲ್ಲರೂ ಪಾರು, ಕಲಿಸದಿದ್ದರೆ ಎಲ್ಲರ ಶಾಪವೂ ಮೇಷ್ಟ್ರಿಗೆ. ಹೆಡ್‌ಮಿಸ್ ಪಾಠಯೋಜನೆ ಬರೆದು ತಂದಿದ್ದರು. ಕ್ಷೌರದಂಗಡಿಯವನು ದೂರದಲ್ಲಿ, ಕೈ ಜೇಬಿನಲ್ಲಿಟ್ಟುಕೊಂಡು ನಿಂತಿದ್ದ.

ಏಳಕ್ಕೆ ಸರಿಯಾಗಿ ಇನ್‌ಸ್ಪೆಕ್ಟರು ಬಂದರು. ಕುತ್ತಿಗೆಯವರೆಗೆ ಗುಂಡಿ ಹಾಕಿದ ಬಿಳಿ ಅಂಗಿ. ಮೇಲೆ ನೋಡಿ ಒಮ್ಮೆ ತಲೆಬಾಗಿ, ಓಡಿಸುವವನ ಸೀಟಿನಲ್ಲಿ ಕೂತು, ಬಾಗಿಲು ಹಾಕಿದರು. ಮೇಷ್ಟ್ರು ಪಕ್ಕದ ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟಿದ್ದರು. ಅಷ್ಟರಲ್ಲೇ ಇನ್‌ಸ್ಪೆಕ್ಟರು ಕೀಲಿ ತಿರುಗಿಸಿ, ಸಿಕ್ಕಿದ್ದನ್ನು ಒತ್ತಿ, ಸಿಕ್ಕಿದ್ದನ್ನು ಎಳೆದರು. ಕಾರು ಹುಚ್ಚು ಕುದುರೆಯಂತೆ ಜನರ ನಡುವೆ ದಾರಿ ಮಾಡಿಕೊಂಡು ಇಳಿಜಾರಿನತ್ತ ನುಗ್ಗಿತು. ಮೇಷ್ಟ್ರು ಹೊರಗಿದ್ದ ಕಾಲನ್ನು ಹೇಗೋ ಒಳಗೆಳೆದುಕೊಂಡು ಸೀಟಿಗೆ ಬಿದ್ದರು.

ಇನ್‌ಸ್ಪೆಕ್ಟರು ಮುಂದೆ ದೃಷ್ಟಿ ನೆಟ್ಟು, ಶ್ರದ್ಧಾವಂತ ವಿದ್ಯಾರ್ಥಿಯ ವಿನಯದಿಂದ ಕೇಳಿದರು: "ಮೇಷ್ಟ್ರೇ, ಇದರಲ್ಲಿ ಬ್ರೇಕು ಯಾವುದು?"